ಬಸ್ಸಿನಲ್ಲಿ ವಾಂತಿ ಮಾಡಿಕೊಳ್ಳುವವರು ಪೈಲಟ್ ಆಗಬಹುದೇ?

ಮಾನ್ಯ ಸಂಪಾದಕರೇ,

ಪಿಯುಸಿ ಫಲಿತಾಂಶ ಬಂದ ಮೇಲೆ ಕಲಬುರಗಿಯ ಮನೆಗಳಲ್ಲಿ ಮೊದಲೆಲ್ಲ ಎರಡೇ ಮಾತು: ಮೆಡಿಕಲ್, ಇಲ್ಲವೇ ಎಂಜಿನಿಯರಿಂಗ್. ಈಗ ಮೂರನೆಯದೊಂದು ಸೇರಿಕೊಂಡಿದೆ. ಸೇಡಂ ರಸ್ತೆಯ ಶ್ರೀನಿವಾಸ ಸರಡಗಿ ಬಳಿ 2019ರ ನವೆಂಬರಿನಲ್ಲಿ ವಿಮಾನ ನಿಲ್ದಾಣ ಶುರುವಾಯಿತು. ಆಮೇಲೆ ಅಲ್ಲಿಗೆ ಹಾರಾಟ ಕಲಿಸುವ ಶಾಲೆಗಳೂ ಬಂದವು. ತೊಗರಿ ಹೊಲಗಳ ಮೇಲೆ ಸಣ್ಣ ವಿಮಾನ ಸುತ್ತು ಹೊಡೆಯುವುದನ್ನು ದಿನಾ ನೋಡುವ ಮಕ್ಕಳಿಗೆ ಆಸೆ ಹುಟ್ಟದೇ ಇರುತ್ತದೆಯೇ? ಬೀದರಿನ ಮಕ್ಕಳಿಗಂತೂ ವಾಯುಪಡೆ ನೆಲೆಯ ಹಾಕ್ ಜೆಟ್ಟುಗಳ ಸದ್ದು, ಸೂರ್ಯಕಿರಣ ತಂಡದ ಪಲ್ಟಿಗಳು ಮನೆ ಮಾಳಿಗೆಯಿಂದಲೇ ಪರಿಚಯ. ಇಂಥ ಮನೆಗಳ ತಂದೆ ತಾಯಂದಿರು ಫೀಸಿನ ಲೆಕ್ಕ ಮುಗಿಸಿ, ಸ್ವಲ್ಪ ದನಿ ತಗ್ಗಿಸಿ ಕೇಳುವ ಪ್ರಶ್ನೆ ಒಂದಿದೆ: "ನಮ್ಮ ಹುಡುಗಿಗಿ ಹುಮನಾಬಾದ್ ದಾಟೂದ್ರಾಗ ಬಸ್ಸಿನಾಗ ಉಲ್ಟಿ ಆಗ್ತದ್ರಿ. ಅಕಿ ವಿಮಾನ ಹ್ಯಾಂಗ ನಡಸ್ತಾಳ?"

ನಡೆಸುತ್ತಾಳೆ. ಆದರೆ ಅದಕ್ಕೊಂದು ದಾರಿ ಇದೆ. ಆ ದಾರಿ ಗೊತ್ತಿಲ್ಲದೆ ಕೆಲವರು ಮೊದಲ ಹತ್ತು ಗಂಟೆಯ ಹಾರಾಟದಲ್ಲೇ ಕೈಚೆಲ್ಲುತ್ತಾರೆ. ಇನ್ನು ಕೆಲವರು ಯಾರಿಗೂ ಹೇಳದೆ ಮೆಡಿಕಲ್ ಸ್ಟೋರಿನ ಗುಳಿಗೆ ನುಂಗಿ ಕಾಕ್‌ಪಿಟ್ ಹತ್ತುತ್ತಾರೆ. ಮೊದಲನೆಯದರಿಂದ ಹಣ ಹೋಗುತ್ತದೆ, ಎರಡನೆಯದರಿಂದ ಜೀವವೇ ಹೋಗಬಹುದು. ಹಾಗಾಗಿ ಈ ಪತ್ರ.

ಮೊದಲು, ಇದು ಅಂಜುಬುರುಕುತನವಲ್ಲ. ನಮ್ಮ ಒಳಕಿವಿಯಲ್ಲಿ ಅರ್ಧ ಬಳೆಯಂಥ ಮೂರು ನಾಳಗಳಿವೆ, ಅವುಗಳ ತುಂಬ ನೀರಿನಂಥ ದ್ರವ. ನೀರು ತುಂಬಿದ ತಂಬಿಗೆಯನ್ನು ಕೈಯಲ್ಲಿ ಹಿಡಿದು ಗಕ್ಕನೆ ತಿರುಗಿಸಿ ನೋಡಿ: ತಂಬಿಗೆ ತಿರುಗುತ್ತದೆ, ನೀರು ಅಲ್ಲೇ ನಿಂತಿರುತ್ತದೆ. ತಿರುಗಿಸುತ್ತಲೇ ಇದ್ದರೆ ನೀರೂ ಜೊತೆಗೆ ತಿರುಗತೊಡಗುತ್ತದೆ. ತಂಬಿಗೆ ನಿಲ್ಲಿಸಿದರೆ ನೀರು ಮಾತ್ರ ಸುತ್ತುತ್ತಲೇ ಇರುತ್ತದೆ. ಕಿವಿಯೊಳಗೂ ಹೀಗೆಯೇ. ವಿಮಾನ ಒಂದೇ ಸಮನೆ ತಿರುವಿನಲ್ಲಿದ್ದರೆ 10ರಿಂದ 20 ಸೆಕೆಂಡಿನಲ್ಲಿ ಕಿವಿ "ತಿರುಗುವುದು ನಿಂತಿತು" ಎಂದು ಮಿದುಳಿಗೆ ಸುಳ್ಳು ವರದಿ ಕೊಡುತ್ತದೆ. ರೆಕ್ಕೆ ನೇರ ಮಾಡಿದ ಕೂಡಲೇ "ಈಗ ಆ ಕಡೆ ತಿರುಗುತ್ತಿದ್ದೇವೆ" ಎನ್ನುತ್ತದೆ. ಕಣ್ಣು ಒಂದು ಹೇಳುತ್ತದೆ, ಕಿವಿ ಇನ್ನೊಂದು, ಸೀಟಿಗೆ ಒತ್ತಿದ ಬೆನ್ನು ಮತ್ತೊಂದು. ಮೂವರ ಸಾಕ್ಷಿ ಒಂದಕ್ಕೊಂದು ತಾಳೆಯಾಗದಾಗ ಮಿದುಳು ಹೊಟ್ಟೆಯನ್ನು ಕಲಕುತ್ತದೆ. ಒಳಕಿವಿಯ ಈ ಭಾಗ ಪೂರ್ತಿ ಕೆಟ್ಟಿರುವವರಿಗೆ ಚಲನೆಯಿಂದ ವಾಂತಿ ಬರುವುದೇ ಇಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1882ರಲ್ಲೇ ಇದನ್ನು ಗಮನಿಸಿ ಬರೆದಿದ್ದರು. ಅಂದಮೇಲೆ ನಿಮ್ಮ ಮಗಳಿಗೆ ಬಸ್ಸಿನಲ್ಲಿ ಹೊಟ್ಟೆ ತೊಳಸುತ್ತದೆ ಎಂದರೆ ಅವಳ ಕಿವಿ ಸರಿಯಾಗಿ ಕೆಲಸ ಮಾಡುತ್ತಿದೆ ಎಂದೇ ಅರ್ಥ. ಬಾಹ್ಯಾಕಾಶಕ್ಕೆ ಹೋದವರಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿಗೆ ಮೊದಲೆರಡು ದಿನ ಇದು ಕಾಡುತ್ತದೆ. 1961ರಲ್ಲಿ ಭೂಮಿಯನ್ನು ಸುತ್ತಿದ ರಷ್ಯಾದ ಗೆರ್ಮನ್ ತಿತೋವ್ ಅವರಿಂದಲೇ ಅದು ಶುರು.

ಎಲ್ಲ ಕುಲುಕಾಟವೂ ಒಂದೇ ಅಲ್ಲ. ಗುಂಡಿ ಬಿದ್ದ ರಸ್ತೆಯಲ್ಲಿ ಟಂಟಂ ಗಡಗಡ ಅನ್ನುವುದು ಸೊಂಟಕ್ಕೆ ಕೆಟ್ಟದ್ದು, ಹೊಟ್ಟೆಗಲ್ಲ. ಹೊಟ್ಟೆಯನ್ನು ಹೆಚ್ಚು ಕೆಡಿಸುವುದು ನಿಧಾನದ ಏರಿಳಿತ: ಸುಮಾರು ಐದು ಸೆಕೆಂಡಿಗೊಮ್ಮೆ ಮೇಲೆ ಹೋಗಿ ಕೆಳಗೆ ಬರುವಂಥದು. ಹಡಗಿನದು ಈ ಲಯ. ಬಿಸಿಲೇರಿದ ಮೇಲೆ ಸಣ್ಣ ವಿಮಾನದ್ದೂ ಹೆಚ್ಚುಕಡಿಮೆ ಇದೇ.

ಬಸ್ಸಿನಲ್ಲಿ ವಾಂತಿ ಮಾಡಿಕೊಳ್ಳುವವರಿಗೆ ಸ್ಕೂಟಿ ಓಡಿಸುವಾಗ ಏನೂ ಆಗುವುದಿಲ್ಲ, ಗಮನಿಸಿದ್ದೀರಾ? ಚಾಲಕರಿಗೆ ವಾಂತಿ ಬರುವುದು ಅಪರೂಪ. ಕೈ ಸ್ಟೀರಿಂಗ್ ತಿರುಗಿಸುವ ಮೊದಲೇ ಮಿದುಳಿಗೆ "ಈಗ ಎಡಕ್ಕೆ ಹೊರಳುತ್ತೇವೆ" ಎಂದು ಗೊತ್ತಿರುತ್ತದೆ, ಹಾಗಾಗಿ ಕಿವಿಯ ಸುದ್ದಿ ಅದಕ್ಕೆ ಹೊಸದಲ್ಲ. ವಿಮಾನದಲ್ಲೂ ಇದೇ ನಿಯಮ. ಹಾಗಾಗಿ ಹೊಸ ವಿದ್ಯಾರ್ಥಿಯನ್ನು "ಮೊದಲು ನೋಡಿ ಕಲಿ" ಎಂದು ಹಿಂದಿನ ಸೀಟಿನಲ್ಲಿ ಕೂರಿಸುವ ರೂಢಿಯನ್ನು ನಾವು ಒಪ್ಪುವುದಿಲ್ಲ. ಹಿಂದಿನ ಸೀಟಿನಿಂದ ದಿಗಂತ ಸರಿಯಾಗಿ ಕಾಣದು, ಗಾಳಿ ಕಡಿಮೆ, ಕೈಗೆ ಕೆಲಸವಿಲ್ಲ, ಮುಂದೆ ಏನಾಗುತ್ತದೆ ಎಂಬ ಸುಳಿವಿಲ್ಲ. ಅಲ್ಲಿ ಕೂತು ಒಮ್ಮೆ ವಾಂತಿಯಾದರೆ ಮರುದಿನ ವಿಮಾನದ ಬಳಿ ಪೆಟ್ರೋಲಿನ ವಾಸನೆ ಬಂದರೂ ಸಾಕು, ಬಾಯಲ್ಲಿ ನೀರೂರುತ್ತದೆ. ಮೊದಲ ಹಾರಾಟ ಮುಂದಿನ ಎಡ ಸೀಟಿನಲ್ಲೇ ಆಗಲಿ. ನೆಲ ಬಿಟ್ಟು ಸ್ವಲ್ಪ ಎತ್ತರಕ್ಕೆ ಹೋದ ಮೇಲೆ ಕಂಟ್ರೋಲು ವಿದ್ಯಾರ್ಥಿಯ ಕೈಗೇ ಕೊಡಿ.

ಇನ್ನು ನಮ್ಮ ಸೀಮೆಯ ಗಾಳಿ. ಇದನ್ನು ಹೊರಗಿನಿಂದ ಬಂದ ಹುಡುಗರಿಗೆ ಯಾರಾದರೂ ಮೊದಲ ದಿನವೇ ಹೇಳಬೇಕು. ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿ ಮುಗಿದರೆ ಎಕರೆಗಟ್ಟಲೆ ಎರೆಭೂಮಿ ಬೋಳಾಗಿ ಬಿಸಿಲಿಗೆ ಮೈಯೊಡ್ಡಿ ಬಿದ್ದಿರುತ್ತದೆ. ಕರಿ ಮಣ್ಣು ಬೇಗ ಕಾಯುತ್ತದೆ, ಅದರ ಮೇಲಿನ ಗಾಳಿ ಗುಳ್ಳೆ ಗುಳ್ಳೆಯಾಗಿ ಮೇಲೇಳುತ್ತದೆ. ಪಕ್ಕದಲ್ಲೇ ಬೆಣ್ಣೆತೊರಾ ಜಲಾಶಯವೋ, ಭೀಮಾ ದಂಡೆಯ ಹಸಿರು ಕಬ್ಬೋ ಇದ್ದರೆ ಅಲ್ಲಿ ಗಾಳಿ ಕೆಳಗಿಳಿಯುತ್ತದೆ. ಶಹಾಬಾದ್, ವಾಡಿ, ಸೇಡಂ ಕಡೆಯ ಫರಸಿ ಕಲ್ಲಿನ ಗಣಿಗಳ ಬಿಳಿ ನೆಲ ಮತ್ತೊಂದು ಬಗೆಯಲ್ಲಿ ಕಾಯುತ್ತದೆ. ಹೀಗೆ ನೆಲ ಬದಲಾದಂತೆಲ್ಲ ವಿಮಾನ ಎದ್ದು ಬೀಳುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣತೆ 40 ಡಿಗ್ರಿ ದಾಟಿದ ದಿನ ಬೆಳಗ್ಗೆ 11ರ ನಂತರ ಇಲ್ಲಿ ಸಣ್ಣ ವಿಮಾನ ಹಾರಿಸುವುದು ಅನುಭವಿಗಳಿಗೂ ಸುಖವಲ್ಲ. ಸೂರ್ಯ ಮೂಡಿದ ಹೊತ್ತಿನಿಂದ ಸುಮಾರು 9ರವರೆಗೆ ಗಾಳಿ ತಣ್ಣಗೆ, ಎಣ್ಣೆ ಸವರಿದಂತೆ ನುಣ್ಣಗಿರುತ್ತದೆ. ವಾಕರಿಕೆ ಇರುವ ವಿದ್ಯಾರ್ಥಿಯ ಮೊದಲ ಹತ್ತು ಹಾರಾಟ ಈ ಹೊತ್ತಿನಲ್ಲೇ ಆಗಬೇಕು.

ಎತ್ತರಕ್ಕೇರಿದರೆ ಎರಡು ಲಾಭ. ಪ್ರತಿ 1,000 ಅಡಿಗೆ ಸುಮಾರು 2 ಡಿಗ್ರಿಯಂತೆ ತಂಪಾಗುತ್ತದೆ. ನೆಲದಲ್ಲಿ 40 ಇದ್ದರೆ 3,000 ಅಡಿ ಮೇಲೆ ಸುಮಾರು 34. ಎರಡನೆಯದು, ಮಬ್ಬು ಧೂಳಿನ ಪದರ ದಾಟಿ ಮೇಲೆ ಹೋದರೆ ಕುಲುಕಾಟ ಇದ್ದಕ್ಕಿದ್ದಂತೆ ನಿಲ್ಲುವುದುಂಟು. ಕಂಟ್ರೋಲ್ ಟವರ್ ಅನುಮತಿ ಕೊಟ್ಟರೆ ಏರಿ. ಇಲ್ಲದಿದ್ದರೆ ವೇಗ ಇಳಿಸಿ. ತರಬೇತಿಯಲ್ಲಿ ಹೆಚ್ಚಾಗಿ ಬಳಸುವ ಸೆಸ್ನಾ 172ಎಸ್ ವಿಮಾನದಲ್ಲಿ ಗಾಳಿಯ ಹೊಡೆತಕ್ಕೆ ಇಟ್ಟುಕೊಳ್ಳಬೇಕಾದ ವೇಗ ಪೂರ್ಣ ತೂಕದಲ್ಲಿ 105 ನಾಟ್, ಹಗುರ ಇದ್ದಾಗ 90 ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿ.ಮೀ.). ಹಗುರವಿದ್ದಾಗ ವೇಗ ಯಾಕೆ ಕಡಿಮೆ ಎಂದು ಹೊಸಬರು ಕೇಳುತ್ತಾರೆ: ಹಗುರ ವಿಮಾನವನ್ನು ಅದೇ ಗಾಳಿ ಹೆಚ್ಚು ಜೋರಾಗಿ ಎತ್ತಿ ಒಗೆಯುತ್ತದೆ. ಈ ವೇಗ ವಿಮಾನದ ಮೈ ಉಳಿಸಲು ಗೊತ್ತುಮಾಡಿದ್ದು, ನಿಮ್ಮ ಹೊಟ್ಟೆ ಉಳಿಯುವುದು ಅದರ ಜೊತೆಗಿನ ಲಾಭ.

ಕಾಕ್‌ಪಿಟ್ಟಿನೊಳಗೆ ಹೊಟ್ಟೆ ಕೆಡುವ ಗಳಿಗೆ ಯಾವುದು? ಹೆಚ್ಚಿನ ಸಲ ಹೀಗಿರುತ್ತದೆ. ವಿಮಾನ 45 ಡಿಗ್ರಿ ವಾಲಿ ತಿರುವಿನಲ್ಲಿದೆ. ಮೈತೂಕ ಹತ್ತಿರಹತ್ತಿರ ಒಂದೂವರೆ ಪಟ್ಟಾಗಿದೆ. 60 ಕಿಲೋ ಹುಡುಗ ಸೀಟಿಗೆ 85 ಕಿಲೋದಂತೆ ಒತ್ತಿದ್ದಾನೆ. ಅಷ್ಟರಲ್ಲಿ ತೊಡೆಯ ಮೇಲಿನ ಪೆನ್ಸಿಲ್ ಜಾರಿ ಕಾಲ ಬಳಿ ಬೀಳುತ್ತದೆ. ಅವನು ತಲೆ ಬಗ್ಗಿಸಿ ಕೈ ಚಾಚುತ್ತಾನೆ. ವಿಮಾನ ಒಂದು ದಿಕ್ಕಿಗೆ ಸುತ್ತುತ್ತಿರುವಾಗ ತಲೆ ಇನ್ನೊಂದು ದಿಕ್ಕಿಗೆ ಬಗ್ಗಿತು, ಕಿವಿಯ ಎರಡು ನಾಳಗಳು ಒಟ್ಟಿಗೆ ಕಲಕಿದವು. ಆಗ ವಿಮಾನವೇ ತಲೆಕೆಳಗಾಗಿ ಉರುಳಿದಂತೆ ಅನ್ನಿಸುತ್ತದೆ. ತಲೆ ಎತ್ತಿದಾಗ ಹಣೆಯ ಮೇಲೆ ತಣ್ಣನೆ ಬೆವರು. ಇದಕ್ಕೆ ಕೊರಿಯೊಲಿಸ್ ಪರಿಣಾಮ ಎನ್ನುತ್ತಾರೆ. ಹೊಟ್ಟೆ ಕೆಡುವುದಷ್ಟೇ ಆಗಿದ್ದರೆ ಪರವಾಗಿಲ್ಲ, ಮೋಡದೊಳಗೆ ಹೀಗಾದರೆ ಯಾವುದು ಮೇಲು ಯಾವುದು ಕೆಳಗೆ ಎಂಬುದೇ ತಪ್ಪಿಹೋಗುತ್ತದೆ.

ಪರಿಹಾರ ತೀರ ಸಾದಾ. ಪೆನ್ಸಿಲಿಗೆ ದಾರ ಕಟ್ಟಿ, ಎರಡು ಪೆನ್ಸಿಲ್ ಇಟ್ಟುಕೊಳ್ಳಿ. ನಕ್ಷೆಯನ್ನು ಬೇಕಾದಷ್ಟೇ ಮಡಚಿ ತೊಡೆಯ ಹಲಗೆಗೆ ಕ್ಲಿಪ್ ಹಾಕಿ. ರೇಡಿಯೋ ಫ್ರೀಕ್ವೆನ್ಸಿಗಳನ್ನು ನೆಲದ ಮೇಲೇ ಬರೆದುಕೊಳ್ಳಿ. ತಿರುವಿನಲ್ಲಿರುವಾಗ ಕೆಳಗೆ ನೋಡಲೇಬೇಕಾದರೆ ಕಣ್ಣು ಮಾತ್ರ ಇಳಿಸಿ, ತಲೆ ಸೀಟಿನ ಒರಗಿಗೆ ತಾಗಿರಲಿ. ಬಿದ್ದ ವಸ್ತುವನ್ನು ರೆಕ್ಕೆ ನೇರವಾದ ಮೇಲೆ ಎತ್ತಿಕೊಳ್ಳಿ. ಟ್ಯಾಬ್ಲೆಟ್ಟಿನ ತೆರೆಯಲ್ಲಿ ನಕ್ಷೆ ಹಿಗ್ಗಿಸಿ ಕುಗ್ಗಿಸಿ ನೋಡುವುದು ಈಗಿನ ಹುಡುಗರ ಚಟ. ಬಸ್ಸಿನಲ್ಲಿ ಮೊಬೈಲ್ ನೋಡಿದರೆ ಹೇಗೋ ಇಲ್ಲೂ ಹಾಗೆಯೇ.

ವಾಂತಿ ಹೇಳದೆ ಬರುವುದಿಲ್ಲ, ನಾವು ಕೇಳಿಸಿಕೊಳ್ಳುವುದಿಲ್ಲ ಅಷ್ಟೆ. ಮೊದಲು ಆಕಳಿಕೆ ಬರುತ್ತದೆ. ನಿದ್ದೆ ಸರಿಯಾಗಿದ್ದರೂ ಆಕಳಿಕೆ, ಮಂಕು, ಮಾತು ಕಡಿಮೆ. ಆಮೇಲೆ ಹೊಟ್ಟೆ ಅಲ್ಲಿದೆ ಎಂಬ ಅರಿವು, ಬಾಯಲ್ಲಿ ನೀರು, ಮೇಲ್ದುಟಿಯ ಮೇಲೆ ತಣ್ಣನೆ ಬೆವರು, ಮುಖ ಬಿಳಿಚು. ವಾಕರಿಕೆ ಇದರ ಮೇಲಿನ ಮೆಟ್ಟಿಲು. ಬೋಧಕರು ವಿದ್ಯಾರ್ಥಿಯ ಮಾತಿಗಿಂತ ಅವನ ಮುಖದ ಬಣ್ಣ ನೋಡಬೇಕು. "ಆರಾಮಿದ್ದೀಯಾ?" ಎಂದರೆ ನಮ್ಮ ಹುಡುಗರು "ಆರಾಮಿದ್ದೀನ್ರಿ ಸರ್" ಎಂದೇ ಹೇಳುತ್ತಾರೆ. ಅದರ ಬದಲು ಸೊನ್ನೆಯಿಂದ ಹತ್ತರವರೆಗೆ ಒಂದು ಅಂಕಿ ಕೇಳಿ: ಸೊನ್ನೆ ಎಂದರೆ ಏನೂ ಇಲ್ಲ, ಹತ್ತು ಎಂದರೆ ಈಗಲೇ ಚೀಲ ಬೇಕು. ಮೂರು ಎಂದ ಕೂಡಲೇ ಕಸರತ್ತು ನಿಲ್ಲಿಸಬೇಕು. ಆರರವರೆಗೆ ಕಾದರೆ ಆ ದಿನದ ಪಾಠ ಮುಗಿದಂತೆಯೇ.

ಮೂರು ಎಂದಾಗ ಮಾಡುವುದು ಇಷ್ಟು. ರೆಕ್ಕೆ ನೇರ ಮಾಡಿ, ವಿಮಾನವನ್ನು ಟ್ರಿಮ್ ಮಾಡಿ, ಅಂದರೆ ಕೈಯಿಂದ ಒತ್ತದಿದ್ದರೂ ಅದು ನೇರ ಹೋಗುವಂತೆ ಹೊಂದಿಸಿ. ಟ್ರಿಮ್ ಸರಿಯಿಲ್ಲದೆ ಕೈಯಲ್ಲೇ ಜಗ್ಗಾಡುವ ವಿದ್ಯಾರ್ಥಿ ತನಗೆ ಗೊತ್ತಿಲ್ಲದೆ ಆ ಐದು ಸೆಕೆಂಡಿನ ಏರಿಳಿತವನ್ನು ತಾನೇ ಹುಟ್ಟಿಸುತ್ತಿರುತ್ತಾನೆ. ಎಷ್ಟೋ ಸಲ ಕುಲುಕಾಟ ಗಾಳಿಯದಲ್ಲ, ಅವನ ಮುಂಗೈಯದು. ಗಾಳಿಕಿಂಡಿ ತೆರೆದು ನೇರ ಮುಖಕ್ಕೆ ತಿರುಗಿಸಿ. ಕೊರಳಿನ ಗುಂಡಿ ಬಿಚ್ಚಿ. ಕಣ್ಣು ದೂರದ ದಿಗಂತದ ಮೇಲಿರಲಿ, ಹತ್ತಿರದ ನೆಲದ ಮೇಲಲ್ಲ. ಕಂಟ್ರೋಲು ವಿದ್ಯಾರ್ಥಿಯ ಕೈಯಲ್ಲೇ ಬಿಟ್ಟು, ದಿಗಂತದಲ್ಲಿ ಒಂದು ಗುರುತು ತೋರಿಸಿ "ಅದರ ಕಡೆಗೆ ನಡೆಸು" ಅನ್ನಿ. ಉಸಿರು ಎದೆಯಿಂದಲ್ಲ, ಹೊಟ್ಟೆಯಿಂದ: ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ಹೊರಗೆ, ನಿಮಿಷಕ್ಕೆ ಆರು ಉಸಿರು. ನಿಧಾನ ಉಸಿರಾಟದಿಂದ ವಾಕರಿಕೆ ತಗ್ಗುತ್ತದೆ ಎಂಬುದನ್ನು ಪರೀಕ್ಷಿಸಿ ನೋಡಲಾಗಿದೆ. ಐದು ನಿಮಿಷದಲ್ಲಿ ಅಂಕಿ ಇಳಿಯದಿದ್ದರೆ ವಾಪಸ್ಸು.

ಚೀಲ ಬೇಕೇ ಬೇಕಾದರೂ ಅದಕ್ಕೊಂದು ಕ್ರಮ ಇದೆ. ಮೊದಲು "ಯೂ ಹ್ಯಾವ್ ಕಂಟ್ರೋಲ್" ಎಂದು ಹೇಳಿ, ಬೋಧಕರಿಂದ "ಐ ಹ್ಯಾವ್ ಕಂಟ್ರೋಲ್" ಎಂಬ ಮರುಮಾತು ಕೇಳಿ. ಆಮೇಲೆ ಹೆಡ್‌ಸೆಟ್ಟಿನ ಮೈಕ್ ಕಡ್ಡಿಯನ್ನು ಹಣೆಯ ಕಡೆಗೆ ಮೇಲೆತ್ತಿ. ಇದನ್ನು ಮರೆತವರ ಮೈಕ್ ಅವತ್ತಿಗೆ ಮುಗಿಯಿತು, ಜೊತೆಗೆ ಆ ಸದ್ದೆಲ್ಲ ಬೋಧಕರ ಕಿವಿಗೆ. ಜಿಪ್ ಇರುವ ಗಟ್ಟಿ ಪ್ಲಾಸ್ಟಿಕ್ ಚೀಲ ಎರಡು, ಒಳಗೆ ಮಡಚಿದ ಪೇಪರ್ ಟವೆಲ್, ಪಕ್ಕದಲ್ಲಿ ಒದ್ದೆ ಟಿಶ್ಯೂ. ಇವು ಸೀಟಿನ ಹಿಂದಲ್ಲ, ಎಡಗೈಗೆ ಸಿಗುವ ಬಾಗಿಲ ಜೇಬಿನಲ್ಲಿರಲಿ. ತೆಳು ಕ್ಯಾರಿಬ್ಯಾಗು ನಂಬಬೇಡಿ, ತಳದಲ್ಲಿ ತೂತಿರುತ್ತದೆ. ವಾಂತಿಯಾದ ಮೇಲೆ ಬಹಳ ಮಂದಿಗೆ ಸ್ವಲ್ಪ ಹೊತ್ತು ಹಗುರ ಅನ್ನಿಸುತ್ತದೆ. ಆಗ ಲ್ಯಾಂಡಿಂಗ್ ತಾನೇ ಮಾಡುತ್ತೇನೆಂದು ಹುಡುಗರು ಹಟ ಹಿಡಿಯುತ್ತಾರೆ. ಬೋಧಕರು ಪಕ್ಕದಲ್ಲಿದ್ದರೆ ಮಾಡಲಿ.

ಒಬ್ಬರೇ ಹಾರುವಾಗ ಬಂದರೆ? ಕಸರತ್ತು ಬಿಟ್ಟು ನೇರ ಹಾರಾಟ, ಟ್ರಿಮ್, ಗಾಳಿ, ದಿಗಂತ. ಟವರಿಗೆ ಮೈ ಸರಿಯಿಲ್ಲ ಎಂದು ನೇರವಾಗಿ ಹೇಳಿ, ಸುತ್ತು ಹಾಕದೆ ಸೀದಾ ಇಳಿಯಲು ಅನುಮತಿ ಕೇಳಿ. ಇದರಲ್ಲಿ ಮಾನ ಹೋಗುವಂಥದ್ದು ಏನೂ ಇಲ್ಲ.

ಈಗ ಗುಳಿಗೆಯ ವಿಷಯ. ನಾವು ಪತ್ರ ಬರೆಯಲು ಮುಖ್ಯ ಕಾರಣ ಇದೇ.

ಅಂಗಡಿಯಲ್ಲಿ "ವಾಂತಿ ಗುಳಿಗೆ ಕೊಡ್ರಿ" ಎಂದರೆ ಎರಡು ಬಗೆ ಸಿಗುತ್ತವೆ. ಒಂದು ಒಂಡಾನ್ಸೆಟ್ರಾನ್, ಡಾಂಪೆರಿಡೋನ್ ಥರದ್ದು. ಇವು ಹೊಟ್ಟೆ ಕೆಟ್ಟ ವಾಂತಿಗೆ, ಕ್ಯಾನ್ಸರ್ ಚಿಕಿತ್ಸೆಯ ವಾಂತಿಗೆ ಒಳ್ಳೆಯವು. ಕಿವಿಯಿಂದ ಹುಟ್ಟುವ ವಾಕರಿಕೆಗೆ ಹೆಚ್ಚಿನ ಉಪಯೋಗವಿಲ್ಲ. ಇನ್ನೊಂದು ಬಗೆ ಪ್ರೊಮೆಥಜಿನ್, ಸಿನ್ನರಿಜಿನ್, ಡೈಮೆನ್‌ಹೈಡ್ರಿನೇಟ್, ಮೆಕ್ಲಿಜಿನ್. ಇವು ಕೆಲಸ ಮಾಡುತ್ತವೆ, ಆದರೆ ನಿದ್ದೆ ತರಿಸಿ. ಬಸ್ಸಿನಲ್ಲಿ ಬೆಂಗಳೂರಿಗೆ ಹೋಗುವವರಿಗೆ ನಿದ್ದೆ ಬಂದರೆ ಪುಣ್ಯ, ಕಾಕ್‌ಪಿಟ್ಟಿನಲ್ಲಿ ಬಂದರೆ? ಮೋಸ ಎಲ್ಲಿದೆಯೆಂದರೆ, ನುಂಗಿದವರಿಗೆ ತಾವು ಚುರುಕಾಗಿಯೇ ಇದ್ದೇವೆ ಅನ್ನಿಸುತ್ತಿರುತ್ತದೆ. ರೇಡಿಯೋದಲ್ಲಿ ಕರೆದರೆ ಉತ್ತರ ತಡವಾಗುತ್ತದೆ, ಎತ್ತರ ಇನ್ನೂರು ಅಡಿ ಜಾರಿದ್ದು ಗಮನಕ್ಕೆ ಬರುವುದಿಲ್ಲ. ಪ್ರೊಮೆಥಜಿನ್ 25 ಮಿಲಿಗ್ರಾಂ ರಾತ್ರಿ ನುಂಗಿದರೂ ಬೆಳಗಿನ ಹಾರಾಟದ ಹೊತ್ತಿಗೆ ರಕ್ತದಲ್ಲಿ ಉಳಿದಿರುತ್ತದೆ. ಡೈಮೆನ್‌ಹೈಡ್ರಿನೇಟ್ ಒಳಗಿರುವುದು ಡೈಫೆನ್‌ಹೈಡ್ರಮಿನ್. ಅದನ್ನು ತೆಗೆದುಕೊಂಡವರು 60 ಗಂಟೆ ಹಾರಬಾರದು ಎಂಬುದು ಅಮೆರಿಕದ ವಿಮಾನಯಾನ ಆಡಳಿತದ ಸೂಚನೆ. ನೆಗಡಿಗೆ, ತುರಿಕೆಗೆ ಕೊಡುವ ಹಳೆಯ ಗುಳಿಗೆಗಳೂ ಇದೇ ಕುಲದವು ಎಂಬುದು ಗೊತ್ತಿರಲಿ.

ಕಿವಿ ಹಿಂದೆ ಅಂಟಿಸುವ ಸ್ಕೊಪೊಲಮಿನ್ ಪಟ್ಟಿಯನ್ನು ವಿದೇಶದಿಂದ ತರಿಸಿಕೊಳ್ಳುವವರಿದ್ದಾರೆ. ಅದು ಮೂರು ದಿನ ಔಷಧ ಬಿಡುತ್ತಿರುತ್ತದೆ, ಬಾಯಿ ಒಣಗುತ್ತದೆ. ಪಟ್ಟಿ ಮುಟ್ಟಿದ ಬೆರಳಿನಿಂದ ಕಣ್ಣು ಉಜ್ಜಿದರೆ ಪಾಪೆ ಹಿಗ್ಗಿ ಹತ್ತಿರದ್ದು ಮಸುಕಾಗುತ್ತದೆ, ಎದುರಿನ ಮೀಟರುಗಳನ್ನು ಓದಲಾಗುವುದಿಲ್ಲ. ಕೆಲವು ದೇಶಗಳ ವಾಯುಪಡೆಗಳಲ್ಲಿ ಔಷಧ ಕೊಡುವುದುಂಟು, ನಿಜ. ಅದು ಬೋಧಕರು ಜೊತೆಗಿರುವ ಮೊದಲ ಕೆಲವು ಹಾರಾಟಗಳಿಗೆ ಮಾತ್ರ, ವಿಮಾನಯಾನ ವೈದ್ಯರ ಕಣ್ಣೆದುರಿಗೆ. ಒಬ್ಬರೇ ಹಾರುವವರಿಗೆ ಯಾವ ಗುಳಿಗೆಯೂ ಇಲ್ಲ. ಗುಳಿಗೆ ಇಲ್ಲದೆ ಹಾರಲಾಗದವರು ಅದನ್ನು ಡಿಜಿಸಿಎ (ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ) ಮಾನ್ಯತೆಯ ವೈದ್ಯರ ಮುಂದೆ ಹೇಳಬೇಕು, ಮುಚ್ಚಿಡಬಾರದು. ಬೆಂಗಳೂರಿನಲ್ಲಿ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯೇ ಇದೆ. ಈ ವಿಷಯ ಬಲ್ಲ ವೈದ್ಯರಿಗಾಗಿ ದೂರ ಹುಡುಕಬೇಕಿಲ್ಲ.

ಮನೆಮದ್ದುಗಳಲ್ಲಿ ನಿಂಬೆಹಣ್ಣು ಮೂಸುವುದು, ಹುಣಸೆ ಚೀಪುವುದು ಇದೆ. ಸೀಟಿನ ಮೇಲೆ ನಿಮ್ಮ ಪತ್ರಿಕೆ ಹಾಸಿಕೊಂಡು ಕೂತರೆ ವಾಂತಿ ಬರುವುದಿಲ್ಲ ಎಂದು ನಂಬುವವರೂ ಇದ್ದಾರೆ. ಪ್ರಸಾರ ಸಂಖ್ಯೆಗೆ ಒಳ್ಳೆಯದೇ, ಕಿವಿಗೆ ಉಪಯೋಗವಿಲ್ಲ. ಮುಂಗೈ ಒತ್ತುವ ಪಟ್ಟಿಗಳಿಗೂ ಗಟ್ಟಿ ಪುರಾವೆ ಇಲ್ಲ. ಅಲ್ಲಕ್ಕೆ, ಅಂದರೆ ಶುಂಠಿಗೆ, ಸ್ವಲ್ಪ ಆಧಾರ ಇದೆ, ಫಲಿತಾಂಶ ಒಂದೇ ಥರ ಬಂದಿಲ್ಲ, ಆದರೆ ನಿದ್ದೆ ತರಿಸುವುದಿಲ್ಲ. ಒಣಶುಂಠಿ ಪುಡಿ ಒಂದು ಗ್ರಾಂ, ಅಂದರೆ ಸಣ್ಣ ಚಮಚದ ಅರ್ಧ, ಹಾರುವ ಅರ್ಧ ಮುಕ್ಕಾಲು ಗಂಟೆ ಮೊದಲು ತೆಗೆದುಕೊಂಡು ನೋಡಬಹುದು. ಬೀದರ್ ಜಿಲ್ಲೆಯ ಹೊಲದಲ್ಲಿ ಬೆಳೆಯುವ ಪದಾರ್ಥ, ಖರ್ಚೂ ಕಡಿಮೆ.

ಖಾಲಿ ಹೊಟ್ಟೆಯಲ್ಲಿ ಹಾರಿದರೆ ವಾಂತಿಗೆ ಏನೂ ಇರುವುದಿಲ್ಲ ಎಂಬ ಲೆಕ್ಕ ತಪ್ಪು. ಖಾಲಿ ಹೊಟ್ಟೆ ಬೇಗ ತೊಳಸುತ್ತದೆ, ಒಣ ವಾಕರಿಕೆ ಇನ್ನೂ ಹಿಂಸೆ. ಒಂದೂವರೆ ಎರಡು ಗಂಟೆ ಮೊದಲು ಒಂದು ಜೋಳದ ರೊಟ್ಟಿ, ಎಣ್ಣೆ ಕಡಿಮೆ ಹಾಕಿದ ಹೆಸರುಬೇಳೆ, ಅಥವಾ ಎರಡು ಬಾಳೆಹಣ್ಣು. ಸುಸಲಾ ಪರವಾಗಿಲ್ಲ, ಜೊತೆಗಿನ ಮಿರ್ಚಿ ಭಜಿ ಬೇಡ. ಶೇಂಗಾ ಹಿಂಡಿ, ಎಣ್ಣೆ ತೇಲುವ ಪಲ್ಯ ಇಳಿದ ಮೇಲೆ ಉಣ್ಣಬಹುದು. ಬಿಸಿಲುಗಾಲದಲ್ಲಿ ಹಿಂದಿನ ಸಂಜೆಯಿಂದಲೇ ನೀರು ಕುಡಿಯಿರಿ. ಹಾರುವ ಮುಂಚೆ ಗಟಗಟ ಕುಡಿದರೆ ಅದೂ ಹೊಟ್ಟೆಯಲ್ಲಿ ಕುಲುಕುತ್ತದೆ. ಮದ್ಯಕ್ಕೂ ಹಾರಾಟಕ್ಕೂ ನಡುವೆ ಕನಿಷ್ಠ 12 ಗಂಟೆ ಎಂಬುದು ನಮ್ಮ ದೇಶದ ನಿಯಮ. ಆದರೆ ಕುಡಿದ ಮರುದಿನ ಒಳಕಿವಿಯ ದ್ರವ ಸರಿಹೋಗಲು ಅದಕ್ಕೂ ಹೆಚ್ಚು ಹೊತ್ತು ಬೇಕಾಗಬಹುದು.

ನಿಜವಾದ ಮದ್ದು ಒಗ್ಗಿಕೊಳ್ಳುವುದು. ಹೆಚ್ಚಿನ ವಿದ್ಯಾರ್ಥಿಗಳಿಗೆ ಕೆಲವು ಹಾರಾಟಗಳಲ್ಲೇ ಒಗ್ಗುತ್ತದೆ. ಒಗ್ಗದವರಿಗೆ ಮೆಟ್ಟಿಲು ಕಟ್ಟಿಕೊಡಬೇಕು. ಮೊದಲ ಮೂರು ಹಾರಾಟ 20ರಿಂದ 25 ನಿಮಿಷ, ನೇರ ಹಾರಾಟ ಮತ್ತು 15 ಡಿಗ್ರಿಯ ಮೆಲು ತಿರುವು. ಅಂಕಿ ಎರಡರೊಳಗೆ ಉಳಿದರೆ 35 ನಿಮಿಷ, 30 ಡಿಗ್ರಿ. ಆಮೇಲೆ 45 ಡಿಗ್ರಿ, ಆಮೇಲೆ ಸ್ಟಾಲ್ (ಮೂಗು ತೀರ ಎತ್ತಿ ರೆಕ್ಕೆಯ ಎತ್ತುವ ಬಲ ತಪ್ಪಿದಾಗ ಸರಿಪಡಿಸಿಕೊಳ್ಳುವ ಪಾಠ). ಯಾವ ಹಾರಾಟವೂ ವಾಂತಿಯಲ್ಲಿ ಮುಗಿಯಬಾರದು. ಮಿದುಳು ಕೊನೆಯ ನೆನಪನ್ನೇ ಗಟ್ಟಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ. ದಿನ ಬಿಟ್ಟು ದಿನವಾದರೂ ಹಾರಬೇಕು. ವಾರಕ್ಕೊಂದು ಹಾರಾಟ ಕೊಟ್ಟರೆ ಒಗ್ಗಿದ್ದು ಕರಗಿಹೋಗುತ್ತದೆ. ದೀಪಾವಳಿಗೆಂದು ಊರಿಗೆ ಹೋಗಿ ಮೂರು ವಾರ ಬಿಟ್ಟು ಬಂದವರಿಗೆ ಮತ್ತೆ ಹೊಟ್ಟೆ ತೊಳಸಿದರೆ ಗಾಬರಿ ಬೇಡ, ಎರಡು ಮೆಟ್ಟಿಲು ಕೆಳಗಿಳಿದು ಶುರು ಮಾಡಿ. ಎರಡನೆಯ ಸಲ ಬೇಗ ಒಗ್ಗುತ್ತದೆ.

ಹಾರಾಟವಿಲ್ಲದ ದಿನ ಮನೆಯಲ್ಲೇ ತಾಲೀಮು ಮಾಡಬಹುದು. ತಿರುಗುವ ಆಫೀಸ್ ಕುರ್ಚಿ ಸಾಕು. ಒಬ್ಬರು ಕೂರುವುದು, ಇನ್ನೊಬ್ಬರು ಆರು ಸೆಕೆಂಡಿಗೆ ಒಂದು ಸುತ್ತಿನಂತೆ ಒಂದೇ ವೇಗದಲ್ಲಿ ತಿರುಗಿಸುವುದು. ಅರ್ಧ ನಿಮಿಷ ಆದ ಮೇಲೆ ಕಣ್ಣು ಮುಚ್ಚಿ ತಲೆಯನ್ನು ಬಲ ಭುಜದ ಕಡೆ ವಾಲಿಸಿ, ನೇರ ಮಾಡಿ, ಎಡಕ್ಕೆ, ನೇರ, ಮುಂದಕ್ಕೆ, ನೇರ. ಪ್ರತಿ ಚಲನೆಯ ನಡುವೆ ಐದು ಸೆಕೆಂಡ್ ಬಿಡುವು. ಅಂಕಿ ಮೂರಕ್ಕೆ ಬಂದರೆ ನಿಲ್ಲಿಸಿ, ಕಣ್ಣು ತೆರೆದು ದೂರದ ಗೋಡೆ ನೋಡುತ್ತ ನಿಧಾನ ಉಸಿರಾಡಿ. ಬೆಳಗ್ಗೆ ಸಂಜೆ ಹತ್ತತ್ತು ನಿಮಿಷ, ಎರಡು ವಾರ. ದಿನ ಕಳೆದಂತೆ ತಲೆಯ ಚಲನೆಗಳ ಸಂಖ್ಯೆ ಹೆಚ್ಚಿಸಿ, ಕುರ್ಚಿಯ ವೇಗ ಕೊನೆಗೆ. ಕುರ್ಚಿ ಉರುಳದಂತೆ ಪಕ್ಕದಲ್ಲಿ ಜನ ಇರಲೇಬೇಕು. ಎದ್ದ ಕೂಡಲೇ ನಡೆಯಬೇಡಿ, ಬೈಕ್ ಹತ್ತಲೇಬೇಡಿ. ಪಂಚಮಿ ಜೋಕಾಲಿಯೂ ಇದೇ ಕುಲದ ತಾಲೀಮು. ಬೇವಿನ ಮರಕ್ಕೆ ಹಗ್ಗ ಕಟ್ಟಿ ಜೀಕುತ್ತ ಬೆಳೆದ ಮಕ್ಕಳ ಕಿವಿಗೆ ಏರಿಳಿತದ ಪಾಠ ಸ್ವಲ್ಪವಾದರೂ ಆಗಿರುತ್ತದೆ.

ಒಮ್ಮೆ ಒಗ್ಗಿದವರಿಗೂ ಎರಡು ಕಡೆ ಮತ್ತೆ ಕಾಡುತ್ತದೆ. ಒಂದು, ಹೊರಗೆ ಕಾಣದಂತೆ ಹುಡ್ ಹಾಕಿಕೊಂಡು ಮೀಟರು ನೋಡಿ ಹಾರುವ ಪಾಠ. ದಿಗಂತವೇ ಇಲ್ಲವಲ್ಲ. ಮೊದಲ ದಿನ ಹುಡ್ 15 ನಿಮಿಷಕ್ಕಿಂತ ಹೆಚ್ಚು ಬೇಡ. ಎರಡು, ಸಿಮ್ಯುಲೇಟರ್, ಅಂದರೆ ನೆಲದ ಮೇಲಿನ ನಕಲು ಕಾಕ್‌ಪಿಟ್: ಅಲ್ಲಿ ಕಣ್ಣಿಗೆ ತಿರುವು ಕಾಣುತ್ತದೆ, ಮೈ ಅಲ್ಲಾಡುವುದೇ ಇಲ್ಲ. ಸಿಮ್ಯುಲೇಟರಿನಲ್ಲಿ ತಲೆ ತಿರುಗಿದ ದಿನ ವಿಮಾನ ಹತ್ತಬೇಡಿ.

ಎಲ್ಲವನ್ನೂ ಇದೇ ಖಾತೆಗೆ ಬರೆಯಬಾರದು. ಪಿಸ್ಟನ್ ಎಂಜಿನ್ ವಿಮಾನದಲ್ಲಿ ಹೀಟರ್ ಹಾಕಿದಾಗ ತಲೆನೋವು, ವಾಕರಿಕೆ, ಮಂಕು ಬಂದರೆ ಅದು ಸೈಲೆನ್ಸರ್ ಬಿರುಕಿನಿಂದ ಸೋರಿದ ಕಾರ್ಬನ್ ಮೊನಾಕ್ಸೈಡ್ ಇರಬಹುದು. ವಾಸನೆ ಇರುವುದಿಲ್ಲ. ಬೋಧಕರಿಗೂ ವಿದ್ಯಾರ್ಥಿಗೂ ಒಟ್ಟಿಗೇ ಹಾಗಾದರೆ ಅನುಮಾನವೇ ಬೇಡ. ಹೀಟರ್ ಬಂದ್, ಗಾಳಿಕಿಂಡಿ ಪೂರ್ತಿ ತೆರೆದು ಬೇಗ ಇಳಿಯಿರಿ. ನೆಗಡಿಯಾಗಿದ್ದಾಗ ಏರಿದರೆ ಎರಡು ಕಿವಿಯ ಒತ್ತಡ ಹೆಚ್ಚುಕಡಿಮೆಯಾಗಿ ಗಿರ್ರನೆ ತಲೆ ತಿರುಗುವುದುಂಟು, ಅದೂ ಬೇರೆ. ನೆಲದ ಮೇಲಿದ್ದಾಗಲೇ, ಹಾಸಿಗೆಯಲ್ಲಿ ಹೊರಳಿದರೆ ಚಕ್ಕರ್ ಬರುವುದು, ಒಂದು ಕಿವಿ ಮಂದವಾಗುವುದು, ಕಿವಿಯಲ್ಲಿ ಗುಂಯ್ ಸದ್ದು, ಜೋರು ತಲೆನೋವು, ಇವುಗಳಲ್ಲಿ ಯಾವುದೇ ಇದ್ದರೂ ಕುರ್ಚಿ ತಾಲೀಮು ಬಿಟ್ಟು ಕಿವಿ ವೈದ್ಯರ ಹತ್ತಿರ ಹೋಗಬೇಕು.

ತರಬೇತಿ ಶಾಲೆಗಳಿಗೆ ನಮ್ಮ ಮನವಿ ಇಷ್ಟು. ವಾಕರಿಕೆ ಇರುವ ಹೊಸ ವಿದ್ಯಾರ್ಥಿಗೆ ಮೊದಲ ಹತ್ತು ಹಾರಾಟ ಬೆಳಗಿನ ಪಾಳಿಯಲ್ಲೇ ಕೊಡಿ. ಹಳಬರಿಗೆ ಬೆಳಗು, ಹೊಸಬರಿಗೆ ಮಧ್ಯಾಹ್ನ ಎಂಬ ಹಂಚಿಕೆ ಉಲ್ಟಾ. ವಾಂತಿಯಾದವನನ್ನು ಬ್ರೀಫಿಂಗ್ ಕೋಣೆಯಲ್ಲಿ ನಗೆಪಾಟಲು ಮಾಡುವುದನ್ನು ಬೋಧಕರೇ ತಡೆಯಬೇಕು, ಏಕೆಂದರೆ ಆ ನಗುವಿಗೆ ಹೆದರಿದವನೇ ನಾಳೆ ಕದ್ದು ಗುಳಿಗೆ ನುಂಗುವವನು. ವಾಣಿಜ್ಯ ಲೈಸೆನ್ಸಿಗೆ 200 ಗಂಟೆ ಹಾರಬೇಕು. ಮೊದಲ ಹತ್ತು ಗಂಟೆಯ ಹೊಟ್ಟೆಯನ್ನು ನೋಡಿ ಉಳಿದ 190ನ್ನು ಅಳೆಯಬೇಡಿ. ಪೋಷಕರಲ್ಲೂ ಒಂದು ಮಾತು: ಫೀಸು ಕಟ್ಟುವ ಮೊದಲು ಮಗನನ್ನೋ ಮಗಳನ್ನೋ ಒಂದು ಪರಿಚಯ ಹಾರಾಟಕ್ಕೆ ಕಳಿಸಿ, ಬೆಳಗಿನ 7ಕ್ಕೆ, ಮುಂದಿನ ಸೀಟಿನಲ್ಲಿ, ರೊಟ್ಟಿ ತಿನ್ನಿಸಿ. ಇಳಿದ ಮೇಲೆ ಮೊದಲು "ಉಲ್ಟಿ ಆಯ್ತಾ?" ಎಂದು ಕೇಳಬೇಡಿ. ಏನೇನು ಕಂಡಿತು ಎಂದು ಕೇಳಿ.

ತಮ್ಮ ವಿಶ್ವಾಸಿಗಳು,
ಹಾರಾಟ ಕಲಿಸುವ ಇಬ್ಬರು ಮತ್ತು ಒಬ್ಬ ಕಿವಿ-ಮೂಗು-ಗಂಟಲು ವೈದ್ಯರು,
ಕಲಬುರಗಿ